ಮೆಕ್ಯಾನಿಕಲ್ ಪೇಂಟ್‌ಬಾಲ್ ಮಾರ್ಕರ್: ಟ್ರಿಗರ್ ಮತ್ತು ವಾಲ್ವ್ ಹದಗೊಳಿಸುವ ಕ್ರಮ

ಬ್ಯಾಟರಿ, ಸರ್ಕ್ಯೂಟ್ ಬೋರ್ಡ್ ಯಾವುದೂ ಇಲ್ಲದೆ, ಸ್ಪ್ರಿಂಗ್ ಮತ್ತು ಒತ್ತಡದ ಅನಿಲ ಇವೆರಡರ ಬಲದಿಂದಲೇ ನಡೆಯುವ ಪೇಂಟ್‌ಬಾಲ್ ಬಂದೂಕನ್ನು ಮೆಕ್ಯಾನಿಕಲ್ ಮಾರ್ಕರ್ ಎನ್ನುತ್ತಾರೆ. ಟ್ರಿಗರ್ ಒಮ್ಮೆ ಎಳೆದರೆ ಒಂದು ಗುಂಡು ಹಾರುತ್ತದೆ. ಹೆಚ್ಚಿನ ಮಾದರಿಗಳು ಮುಂದಿನ ಗುಂಡಿಗೆ ತಾವಾಗಿಯೇ ಸಜ್ಜಾಗುತ್ತವೆ. ಸೆಕೆಂಡಿಗೆ ಎಷ್ಟು ಗುಂಡು ಹಾರಬಲ್ಲದು ಎಂಬುದನ್ನು ಆಟಗಾರನ ಬೆರಳು, ಟ್ರಿಗರ್, ಹ್ಯಾಮರ್ ಮತ್ತು ವಾಲ್ವ್‌ಗಳ ಹೊಂದಾಣಿಕೆ, ಅನಿಲದ ಪೂರೈಕೆ, ಗುಂಡು ತುಂಬುವ ಲೋಡರ್ ಇವೆಲ್ಲ ಸೇರಿ ತೀರ್ಮಾನಿಸುತ್ತವೆ. ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ನಿಧಾನವೋ ಅದರ ವೇಗವೇ ಇಡೀ ಮಾರ್ಕರ್‌ನ ವೇಗ. ಹೊಸಬರು ಮೊದಲು ಕೈಹಾಕುವುದು ಟ್ರಿಗರ್‌ಗೆ; ಅನುಭವಿ ಮೆಕ್ಯಾನಿಕ್ ಅದನ್ನು ಮುಟ್ಟುವುದು ಕೊನೆಗೆ. ಉಳಿದ ಭಾಗಗಳು ಸರಿಯಿಲ್ಲದೆ ಟ್ರಿಗರ್ ಮಾತ್ರ ಹಗುರ ಮಾಡಿದರೆ ಕೈಗೆ ಬರುವುದು ವೇಗವಲ್ಲ, ಒಳಗೇ ಒಡೆದ ಗುಂಡುಗಳು ಮತ್ತು ಹಿಡಿತ ತಪ್ಪಿದ ಬಂದೂಕು.

ಈ ಯಂತ್ರ ಹುಟ್ಟಿದ್ದು ಆಟಕ್ಕಲ್ಲ. ಕಡಿಯಬೇಕಾದ ಮರಗಳಿಗೂ ದನಗಳಿಗೂ ದೂರದಿಂದಲೇ ಬಣ್ಣದ ಗುರುತು ಹಾಕಲು ಅಮೆರಿಕದ ನೆಲ್ಸನ್ ಪೇಂಟ್ ಕಂಪನಿ 1970ರ ದಶಕದಲ್ಲಿ ಡೈಸಿ ಕಂಪನಿಯಿಂದ ನೆಲ್‌ಸ್ಪಾಟ್ 007 ಎಂಬ ಪಿಸ್ತೂಲು ಮಾಡಿಸಿತು. ಅದೇ ಪಿಸ್ತೂಲು ಹಿಡಿದು 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಶೈರ್‌ನ ಹೆನಿಕರ್ ಬಳಿಯ ಕಾಡಿನಲ್ಲಿ ಹನ್ನೆರಡು ಮಂದಿ ಮೊದಲ ಪೇಂಟ್‌ಬಾಲ್ ಪಂದ್ಯ ಆಡಿದರು. ಗೆದ್ದ ರಿಚಿ ವೈಟ್ ವೃತ್ತಿಯಿಂದ ಅರಣ್ಯ ಕೆಲಸಗಾರ. ಒಂದೂ ಗುಂಡು ಹಾರಿಸದೆ ಎಲ್ಲ ಬಾವುಟಗಳನ್ನು ಕಲೆಹಾಕಿ ಗೆದ್ದ. ಗುಂಡಿನ ವೇಗಕ್ಕಾಗಿ ಹಣ ಸುರಿಯುವ ಮುನ್ನ ಪ್ರತಿ ಆಟಗಾರನೂ ನೆನೆಯಬೇಕಾದ ಸಂಗತಿ ಇದು.

ಆಡಮ್ಸ್‌ಟೌನ್ ಮತ್ತು ಐರ್ಲೆಂಡಿನ ಕಾನೂನು

ಯಂತ್ರ ಬಿಚ್ಚುವ ಮೊದಲು ಅದನ್ನು ಇಟ್ಟುಕೊಳ್ಳಲು ಕಾನೂನು ಬಿಡುತ್ತದೆಯೇ ಎಂದು ನೋಡಬೇಕು; ಐರ್ಲೆಂಡಿನ ಆಟಗಾರನನ್ನೇ ತೆಗೆದುಕೊಳ್ಳೋಣ. ಡಬ್ಲಿನ್ನಿನ ಪಶ್ಚಿಮಕ್ಕೆ, ಲೂಕನ್‌ಗೆ ಹೊಂದಿಕೊಂಡಿರುವ ಆಡಮ್ಸ್‌ಟೌನ್ ಯೋಜಿಸಿ ಕಟ್ಟಿದ ಊರು. ಅದರ ಯೋಜನೆಗೆ 2003ರಲ್ಲಿ ಒಪ್ಪಿಗೆ ಸಿಕ್ಕಿತು, ರೈಲು ನಿಲ್ದಾಣ 2007ರಲ್ಲಿ ತೆರೆಯಿತು. ಭಾರತದಿಂದ ಬಂದ ಕುಟುಂಬಗಳು ಇಲ್ಲಿ ಬಹಳ. ಅವುಗಳಲ್ಲಿ ಕನ್ನಡದ ಮನೆಗಳೂ ಸೇರಿವೆ. ಕಚೇರಿ ತಂಡದ ಜೊತೆಗೋ, ಮಕ್ಕಳ ಹುಟ್ಟುಹಬ್ಬಕ್ಕೋ ಪೇಂಟ್‌ಬಾಲ್ ಮೈದಾನಕ್ಕೆ ಹೋಗಿಬಂದವರಲ್ಲಿ ಕೆಲವರಿಗೆ ಆಟದ ಹುಚ್ಚು ಹತ್ತಿ, ಸ್ವಂತ ಮಾರ್ಕರ್ ಕೊಂಡು ಗ್ಯಾರೇಜಿನಲ್ಲಿ ಬಿಚ್ಚಿ ಜೋಡಿಸಬೇಕೆಂಬ ಆಸೆ ಮೂಡುವುದು ಸಹಜ. ಆದರೆ ಅಮೆರಿಕದ ಆಟಗಾರನಿಗೆ ಇರುವ ಸ್ವಾತಂತ್ರ್ಯ ಐರ್ಲೆಂಡಿನಲ್ಲಿ ಇಲ್ಲ.

ಐರ್ಲೆಂಡಿನ ಬಂದೂಕು ಕಾಯ್ದೆಗಳಿಗೆ 2006ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆ ತಂದ ತಿದ್ದುಪಡಿಯ ಪ್ರಕಾರ, ನಳಿಗೆಯ ಬಾಯಲ್ಲಿ 1 ಜೌಲ್‌ಗಿಂತ ಹೆಚ್ಚು ಶಕ್ತಿ ತೋರುವ ಏರ್‌ಗನ್ ಕೂಡ ಬಂದೂಕೇ. ಪೇಂಟ್‌ಬಾಲ್ ಎಷ್ಟು ಶಕ್ತಿಯಿಂದ ಹೊರಡುತ್ತದೆ ಎಂದು ಲೆಕ್ಕ ಹಾಕುವುದು ಸುಲಭ. ಗುಂಡಿನ ತೂಕ ಸುಮಾರು 3 ಗ್ರಾಂ. ಸೆಕೆಂಡಿಗೆ 280 ಅಡಿ, ಅಂದರೆ 85 ಮೀಟರ್ ವೇಗದಲ್ಲಿ ಹೊರಟರೆ ಶಕ್ತಿ ಸುಮಾರು 11 ಜೌಲ್. 1 ಜೌಲ್‌ನ ಮಿತಿಯನ್ನು ಅದು ಎಷ್ಟೋ ಪಟ್ಟು ಮೀರಿದೆ. ಆದ್ದರಿಂದ ಪ್ರಮಾಣಪತ್ರವಾಗಲಿ ಅಧಿಕೃತ ಅನುಮತಿಯಾಗಲಿ ಇಲ್ಲದೆ ಮಾರ್ಕರನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಹೊರದೇಶದಿಂದ ತರಿಸಿಕೊಳ್ಳುವಂತಿಲ್ಲ. ಯಾವ ಬಿಡಿಭಾಗ ಇಲ್ಲದಿದ್ದರೆ ಬಂದೂಕು ಕೆಲಸ ಮಾಡದೋ ಆ ಭಾಗವೂ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ವಾಲ್ವ್, ಬೋಲ್ಟ್, ಸಿಯರ್‌ಗಳನ್ನು ಆನ್‌ಲೈನಿನಲ್ಲಿ ತರಿಸುವಾಗ ಇದನ್ನು ಮರೆಯಬಾರದು. ಟ್ಯಾಂಡೀಸ್ ಲೇನ್ ಪಾರ್ಕಾಗಲಿ, ಏರ್ಲಿ ಪಾರ್ಕಾಗಲಿ, ಮನೆಯ ಹಿತ್ತಲಾಗಲಿ ಮಾರ್ಕರ್ ಪರೀಕ್ಷಿಸುವ ಜಾಗವಲ್ಲ. ಅನುಮತಿ ಇರುವ ಮೈದಾನದಲ್ಲಿ, ಅಲ್ಲಿನ ಮೆಕ್ಯಾನಿಕ್‌ನ ಮೇಜಿನ ಮೇಲೆ, ಅವರ ಒಪ್ಪಿಗೆ ಪಡೆದು ಈ ಕೆಲಸ ನಡೆಯಬೇಕು. ಸ್ವಂತ ಮಾರ್ಕರ್ ಬೇಕೇ ಬೇಕೆನ್ನುವವರು ಕೊಳ್ಳುವ ಮೊದಲೇ ಗಾರ್ಡಾ (ಪೊಲೀಸ್) ಠಾಣೆಯಲ್ಲಿ ವಿಚಾರಿಸಬೇಕು. ಆಡಮ್ಸ್‌ಟೌನಿನವರಿಗೆ ಹತ್ತಿರದ್ದು ಲೂಕನ್ ಠಾಣೆ.

ಹಾಗಾದರೆ ಮೈದಾನದ ಮಾರ್ಕರನ್ನೇ ಬಾಡಿಗೆಗೆ ಪಡೆದು ಆಡುವವರಿಗೆ ಒಳಗಿನ ಕೆಲಸ ತಿಳಿದು ಏನು ಪ್ರಯೋಜನ? ಬಹಳ ಇದೆ. ಕೈಗೆ ಬಂದ ಮಾರ್ಕರ್ ಏಕೆ ತೊದಲುತ್ತಿದೆ, ಏಕೆ ಒಮ್ಮೆಲೇ ಎರಡು ಗುಂಡು ಉಗುಳಿತು, ಚಳಿಯ ಬೆಳಗ್ಗೆ ಗುಂಡು ಏಕೆ ದೂರ ಹೋಗುತ್ತಿಲ್ಲ ಎಂದು ಬಲ್ಲವನು ದೋಷವನ್ನು ಸರಿಯಾದ ಮಾತಿನಲ್ಲಿ ಹೇಳಿ ಸರಿಪಡಿಸಿಕೊಳ್ಳಬಲ್ಲ, ಅಪಾಯದ ಮಾರ್ಕರನ್ನು ಹಿಂದಿರುಗಿಸಬಲ್ಲ.

ಒಳಗೆ ನಡೆಯುವುದೇನು

ಮೆಕ್ಯಾನಿಕಲ್ ಮಾರ್ಕರ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಬ್ಲೋಬ್ಯಾಕ್ ಮಾದರಿ. ಬಾಡಿಗೆ ಮೈದಾನಗಳಲ್ಲಿ ಜಗತ್ತಿನ ಎಲ್ಲೆಡೆ ಕಾಣಸಿಗುವ ಟಿಪ್‌ಮನ್ 98 ಮತ್ತು ಒಂದು ಕಾಲಕ್ಕೆ ಅಷ್ಟೇ ಜನಪ್ರಿಯವಾಗಿದ್ದ ಸ್ಪೈಡರ್ ಎರಡೂ ಈ ಜಾತಿಯವು. ಒಳಗೆ ಹ್ಯಾಮರ್ ಎಂಬ ಉಕ್ಕಿನ ತುಂಡೊಂದು ಮುಖ್ಯ ಸ್ಪ್ರಿಂಗ್‌ನ ಒತ್ತಡದಲ್ಲಿ ಹಿಂದೆ ನಿಂತಿರುತ್ತದೆ. ಅದು ಮುಂದಕ್ಕೆ ನುಗ್ಗದಂತೆ ಕೊಕ್ಕೆಯ ಹಾಗೆ ಹಿಡಿದಿರುವುದು ಸಿಯರ್. ಟ್ರಿಗರ್ ಎಳೆದಾಗ ಸಿಯರ್ ಬಿಡುತ್ತದೆ, ಹ್ಯಾಮರ್ ಮುಂದಕ್ಕೆ ಹಾರಿ ವಾಲ್ವ್‌ನ ಕಡ್ಡಿಗೆ ಬಡಿಯುತ್ತದೆ. ಕಡ್ಡಿಯ ತುದಿಯಲ್ಲಿರುವ ಕಪ್ ಸೀಲ್ ಕ್ಷಣಮಾತ್ರ ತನ್ನ ಪೀಠದಿಂದ ಏಳುತ್ತದೆ. ಆಗ ನುಗ್ಗಿದ ಅನಿಲದ ಒಂದು ಪಾಲು, ಗುಂಡನ್ನು ನಳಿಗೆಗೆ ದೂಡಿ ಕೂರಿಸುವ ಬೋಲ್ಟ್‌ನೊಳಗಿಂದ ಹಾದು ಗುಂಡನ್ನು ನಳಿಗೆಯಿಂದ ಹೊರದೂಡುತ್ತದೆ. ಇನ್ನೊಂದು ಪಾಲು ಹ್ಯಾಮರನ್ನು ಹಿಂದಕ್ಕೆ ತಳ್ಳಿ ಮತ್ತೆ ಸಿಯರ್‌ಗೆ ಸಿಕ್ಕಿಸುತ್ತದೆ. ಹ್ಯಾಮರ್‌ಗೂ ಬೋಲ್ಟ್‌ಗೂ ನಡುವೆ ಕೊಂಡಿ ಇರುವುದರಿಂದ ಬೋಲ್ಟ್ ಕೂಡ ಹಿಂದೆ ಸರಿಯುತ್ತದೆ, ಮೇಲಿಂದ ಹೊಸ ಗುಂಡು ಬೀಳುತ್ತದೆ.

ಹ್ಯಾಮರ್ ಹಿಂದಕ್ಕೆ ಬರಲು ಬೇಕಾದ ಬಲ ಅದೇ ಅನಿಲದಿಂದ ಬರಬೇಕು ಎಂಬುದನ್ನು ಇಲ್ಲಿ ಗಮನದಲ್ಲಿಡಬೇಕು. ಅನಿಲ ಸಾಲದಿದ್ದರೆ ಹ್ಯಾಮರ್ ಸಿಯರ್‌ವರೆಗೆ ತಲುಪದೆ ಅರ್ಧದಿಂದಲೇ ಮರಳಿ ಮುಂದಕ್ಕೆ ನುಗ್ಗುತ್ತದೆ, ವಾಲ್ವ್‌ಗೆ ಮತ್ತೆ ಬಡಿಯುತ್ತದೆ, ಮತ್ತೆ ಅರ್ಧಕ್ಕೆ ಬರುತ್ತದೆ. ಸಿಲಿಂಡರ್ ಖಾಲಿಯಾಗುತ್ತಾ ಬಂದಾಗ ಟ್ರಿಗರ್ ಬಿಟ್ಟ ಮೇಲೂ ಮಾರ್ಕರ್ ಬುರ್ರೆಂದು ಸದ್ದು ಮಾಡುತ್ತಾ ಒಂದರ ಹಿಂದೊಂದು ಬಡಿಯುವುದು ಇದರಿಂದಲೇ. ಸವೆದ ಸಿಯರ್‌ನಿಂದಲೂ ಇಂಥದೇ ಸದ್ದು ಬರಬಹುದು. ಹೊಸ ಸಿಲಿಂಡರ್ ಹಾಕಿ ನೋಡಿದರೆ ಎರಡರಲ್ಲಿ ಯಾವುದೆಂದು ಗೊತ್ತಾಗುತ್ತದೆ.

ಇನ್ನೊಂದು ಹೆಸರಾಂತ ಜಾತಿ ಆಟೊಕಾಕರ್. ಬಡ್ ಓರ್ ಅವರ ವರ್ ಗೇಮ್ ಪ್ರಾಡಕ್ಟ್ಸ್ ಕಂಪನಿಯಿಂದ ಬಂದ ಇದರಲ್ಲಿ ಗುಂಡು ಹಾರಿಸುವ ಕೆಲಸವೇ ಬೇರೆ, ಮತ್ತೆ ಸಜ್ಜುಗೊಳಿಸುವ ಕೆಲಸವೇ ಬೇರೆ. ಟ್ರಿಗರ್‌ನ ಮೊದಲರ್ಧ ಹ್ಯಾಮರನ್ನು ಬಿಡುಗಡೆ ಮಾಡುತ್ತದೆ. ಉಳಿದರ್ಧ ಮುಂಭಾಗದ ತ್ರೀ-ವೇ ಎಂಬ ಪುಟ್ಟ ವಾಲ್ವನ್ನು ಸರಿಸುತ್ತದೆ. ಆಗ ಕಡಿಮೆ ಒತ್ತಡದ ಗಾಳಿ ರ‍್ಯಾಮ್ ಎಂಬ ಸಣ್ಣ ಸಿಲಿಂಡರಿಗೆ ಹರಿದು ಹಿಂದಿನ ಬ್ಲಾಕನ್ನೂ ಬೋಲ್ಟನ್ನೂ ಹಿಂದಕ್ಕೆ ಸರಿಸುತ್ತದೆ. ಟ್ರಿಗರ್ ಬಿಟ್ಟಾಗ ಬ್ಲಾಕ್ ಮುಚ್ಚುತ್ತದೆ. ಇದರ ಹೊಂದಾಣಿಕೆ ಕಷ್ಟ, ಆದರೆ ಕಲಿತವರಿಗೆ ಇದರಷ್ಟು ತೃಪ್ತಿ ಕೊಡುವ ಯಂತ್ರ ಪೇಂಟ್‌ಬಾಲಿನಲ್ಲಿ ಇನ್ನೊಂದಿಲ್ಲ.

ಕೆಲಸಕ್ಕೆ ಮುನ್ನ

ಮಾರ್ಕರ್ ಬಿಚ್ಚುವ ಮೊದಲು ಲೋಡರ್ ತೆಗೆದು, ಒಳಗೆ ಉಳಿದ ಗುಂಡು ಹೊರಗೆ ಹಾಕಿ, ಸಿಲಿಂಡರ್ ಕಳಚಬೇಕು. ಅಷ್ಟಾದ ಮೇಲೂ ವಾಲ್ವ್ ಕೋಣೆಯಲ್ಲಿ ಒಂದೆರಡು ಗುಂಡು ಹಾರಿಸುವಷ್ಟು ಅನಿಲ ಉಳಿದಿರುತ್ತದೆ. ನಳಿಗೆಯನ್ನು ನಿರಪಾಯ ದಿಕ್ಕಿಗೆ ತಿರುಗಿಸಿ, ಸದ್ದು ಸಂಪೂರ್ಣ ನಿಲ್ಲುವವರೆಗೆ ಖಾಲಿ ಹಾರಿಸಿ ಅದನ್ನು ಹೊರಬಿಡಬೇಕು. ಪೇಂಟ್‌ಬಾಲಿಗೆಂದೇ ಮಾಡಿದ, ಎಎಸ್‌ಟಿಎಮ್ ಎಫ್1776 ಗುಣಮಟ್ಟದ ಮುಖವಾಡವನ್ನು ಒಳಗೆ ಅನಿಲ ಇರುವಷ್ಟು ಹೊತ್ತೂ ಧರಿಸಿರಬೇಕು. ಮರಗೆಲಸದ ಕನ್ನಡಕ, ತಂಪು ಕನ್ನಡಕ ಇದಕ್ಕೆ ಸಾಟಿಯಲ್ಲ: 11 ಜೌಲ್ ಶಕ್ತಿಯ ಗುಂಡು ಹತ್ತಿರದಿಂದ ಬಡಿದರೆ ಕಣ್ಣು ಉಳಿಯುವುದಿಲ್ಲ.

ಎರಡನೆಯ ಸಿದ್ಧತೆ ಅಳತೆ. ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಇಲ್ಲದೆ ವಾಲ್ವ್ ಮುಟ್ಟುವುದು ಕಣ್ಣು ಕಟ್ಟಿಕೊಂಡು ಮಾಡುವ ಕೆಲಸ. ಗುಂಡಿನ ವೇಗ ಸೆಕೆಂಡಿಗೆ 300 ಅಡಿ ಮೀರಬಾರದು ಎಂಬುದು ಈ ಆಟದಲ್ಲಿ ಎಲ್ಲೆಡೆ ಒಪ್ಪಿಕೊಂಡ ಮಿತಿ. ಬಹಳಷ್ಟು ಮೈದಾನಗಳು 280 ಅಥವಾ ಅದಕ್ಕೂ ಕೆಳಗೆ ಇಟ್ಟುಕೊಂಡಿವೆ. ವೇಗ ಹತ್ತು ಪ್ರತಿಶತ ಏರಿದರೆ ಶಕ್ತಿ ಇಪ್ಪತ್ತೊಂದು ಪ್ರತಿಶತ ಏರುತ್ತದೆ; ಆಟಗಾರನ ಮೈಮೇಲಿನ ಬಾಸುಂಡೆಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಆದ್ದರಿಂದ ಸ್ಕ್ರೂ ಒಂದು ಕಾಲು ಸುತ್ತು ತಿರುಗಿದರೂ ಮತ್ತೆ ಅಳೆಯಬೇಕು. ಗುಂಡಿನ ವೇಗ ಬೇರೆ, ಗುಂಡು ಹಾರಿಸುವ ವೇಗ ಬೇರೆ. ಎರಡನೆಯದನ್ನು ಏರಿಸುತ್ತಾ ಮೊದಲನೆಯದನ್ನು ಮಿತಿಯೊಳಗೆ ಕಟ್ಟಿಹಾಕುವುದೇ ಹದಗೊಳಿಸುವ ಕೆಲಸದ ತಿರುಳು.

ಲೋಡರ್, ಗುಂಡು, ಅನಿಲ

ಗುಂಡುಗಳು ತಮ್ಮ ತೂಕದಿಂದಲೇ ಜಾರಿ ಬೀಳುವ ಸಾದಾ ಲೋಡರ್ ಎಷ್ಟೇ ಅಲುಗಾಡಿಸಿದರೂ ಸೆಕೆಂಡಿಗೆ ಆರೆಂಟು ಗುಂಡಿಗಿಂತ ಹೆಚ್ಚು ನಂಬಿಕೆಯಿಂದ ಕೊಡಲಾರದು. ಬೋಲ್ಟ್ ಅದಕ್ಕಿಂತ ಬೇಗ ಮುಂದೆ ಬಂದರೆ ಅರ್ಧ ಇಳಿದ ಗುಂಡನ್ನು ಕತ್ತರಿಸಿ ಹಾಕುತ್ತದೆ. ಒಮ್ಮೆ ಬಣ್ಣ ಒಳಗೆ ಚೆಲ್ಲಿತೆಂದರೆ ಮುಂದಿನ ಹತ್ತು ಗುಂಡು ನೇರ ಹೋಗುವುದಿಲ್ಲ. ಒಳಗೆ ಚಕ್ರ ತಿರುಗಿಸಿ ಗುಂಡು ಕಲಕುವ ಲೋಡರ್ ಇದ್ದರೆ ಮಾತ್ರ ಟ್ರಿಗರ್ ಮತ್ತು ವಾಲ್ವ್ ಮೇಲೆ ಮಾಡಿದ ಶ್ರಮಕ್ಕೆ ಅರ್ಥ.

ಗುಂಡೂ ಮುಖ್ಯ. 0.68 ಕ್ಯಾಲಿಬರಿನ ಗುಂಡಿನ ವ್ಯಾಸ ಸುಮಾರು 17.3 ಮಿಲಿಮೀಟರ್. ಅದರ ಸಿಪ್ಪೆ ಜೆಲಟಿನ್, ಒಳಗಿನದು ನೀರಿನಲ್ಲಿ ತೊಳೆದುಹೋಗುವ ಪಾಲಿಎಥಿಲೀನ್ ಗ್ಲೈಕಾಲ್ ಆಧಾರಿತ ಬಣ್ಣ. ಔಷಧದ ಮೆತ್ತನೆಯ ಕ್ಯಾಪ್ಸೂಲ್ ಮಾಡುವ ವಿಧಾನದಲ್ಲೇ ಇದನ್ನೂ ಮಾಡುತ್ತಾರೆ. ಜೆಲಟಿನ್ ಪ್ರಾಣಿಜನ್ಯ ಎಂಬುದು ಸಸ್ಯಾಹಾರಿ ಮನೆಗಳವರಿಗೆ ತಿಳಿದಿರಲಿ. ಆಟದ ಭರದಲ್ಲಿ ಬಣ್ಣ ಬಾಯಿಗೆ ಸಿಡಿಯುವುದು ಅಪರೂಪವಲ್ಲ. ಜೆಲಟಿನ್ ತೇವಕ್ಕೆ ಊದಿಕೊಳ್ಳುತ್ತದೆ, ಚಳಿಗೆ ಗಡುಸಾಗಿ ಬೇಗ ಒಡೆಯುತ್ತದೆ. ಮಳೆ, ಚಳಿ ಎರಡೂ ಒಟ್ಟಿಗೆ ಬರುವ ಐರ್ಲೆಂಡಿನಲ್ಲಿ ಗುಂಡಿನ ಡಬ್ಬ ಮುಚ್ಚಿ, ಬೆಚ್ಚಗಿನ ಜಾಗದಲ್ಲಿ ಇಡುವುದು ಯಾವ ದುಬಾರಿ ಬೋಲ್ಟಿಗಿಂತಲೂ ಹೆಚ್ಚು ಉಪಕಾರಿ. ಗುಂಡು ನಳಿಗೆಗೆ ಸರಿಹೊಂದುತ್ತದೆಯೇ ಎಂದು ನೋಡಲು, ಮಾರ್ಕರ್‌ನಿಂದ ಬಿಚ್ಚಿದ ನಳಿಗೆಯಲ್ಲಿ ಗುಂಡೊಂದನ್ನು ಇಡಬೇಕು: ಅದು ತಾನಾಗಿ ಜಾರಿ ಬೀಳಬಾರದು, ಬಾಯಿಂದ ಊದಿದರೆ ಹೊರಬರಬೇಕು.

ಅನಿಲದ ವಿಷಯದಲ್ಲಿ ಊರಿನ ಹವೆಯೇ ದೊಡ್ಡ ಪಾತ್ರ ವಹಿಸುತ್ತದೆ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನಲ್ಲಿ ದ್ರವವಾಗಿರುತ್ತದೆ. ಅದರ ಒತ್ತಡವನ್ನು ತೀರ್ಮಾನಿಸುವುದು ಉಷ್ಣತೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 57 ಬಾರ್ ಇರುವ ಒತ್ತಡ 5 ಡಿಗ್ರಿಗೆ ಇಳಿದರೆ 40 ಬಾರ್ ಆಗುತ್ತದೆ, 30 ಡಿಗ್ರಿಗೆ ಏರಿದರೆ 72 ಬಾರ್. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನ ಅಬ್ಬರಿಸುವ ಮಾರ್ಕರ್ ಡಬ್ಲಿನ್ನಿನ ಜನವರಿ ಬೆಳಗ್ಗೆ ಹ್ಯಾಮರ್ ಹಿಂದಕ್ಕೆ ತಳ್ಳಲಾರದೆ ಸೋಲುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಜೊತೆಗೆ ದ್ರವ ಅನಿಲವಾಗುವಾಗ ಶಾಖ ಹೀರಿಕೊಳ್ಳುತ್ತದೆ. ದೊಡ್ಡ ಉರಿಯಲ್ಲಿ ಒಂದೇ ಸಮನೆ ಅಡುಗೆ ಮಾಡಿದಾಗ ಗ್ಯಾಸ್ ಸಿಲಿಂಡರಿನ ಬುಡ ತಣ್ಣಗಾಗಿ ಬೆವರುವ ಹಾಗೆಯೇ, ಬೇಗ ಬೇಗ ಹಾರಿಸಿದಷ್ಟೂ ಈ ಸಿಲಿಂಡರ್ ತಣ್ಣಗಾಗುತ್ತದೆ, ಒತ್ತಡ ಮತ್ತಷ್ಟು ಇಳಿಯುತ್ತದೆ. ಸಿಲಿಂಡರ್ ವಾಲಿಸಿ ಹಿಡಿದರೆ ದ್ರವವೇ ಮಾರ್ಕರ್‌ಗೆ ನುಗ್ಗಿ ಸೀಲ್‌ಗಳು ಹೆಪ್ಪುಗಟ್ಟುತ್ತವೆ, ಗುಂಡಿನ ವೇಗ ಥಟ್ಟನೆ ಜಿಗಿಯುತ್ತದೆ.

ಹೀಗಾಗಿ ವೇಗವಾಗಿ ಹಾರಿಸಬೇಕೆನ್ನುವವರಿಗೆ ಐರ್ಲೆಂಡಿನ ಹವೆಯಲ್ಲಿ ಸರಿಹೊಂದುವುದು ಒತ್ತಡದ ಗಾಳಿಯೇ. 3000 ಅಥವಾ 4500 ಪಿಎಸ್‌ಐ ತುಂಬಿದ ಸಿಲಿಂಡರಿನ ಬಾಯಲ್ಲೇ ಒತ್ತಡ ಇಳಿಸುವ ರೆಗ್ಯುಲೇಟರ್ ಇದ್ದು, ಬ್ಲೋಬ್ಯಾಕ್ ಮಾರ್ಕರ್‌ಗಳಿಗೆ ಸಾಮಾನ್ಯವಾಗಿ 800ರಿಂದ 850 ಪಿಎಸ್‌ಐ ಒಂದೇ ಸಮನೆ ಕೊಡುತ್ತದೆ. ಗಾಳಿ ತುಂಬುವ ಬಾಯಿಗೆ ಎಣ್ಣೆ, ಗ್ರೀಸ್ ಏನನ್ನೂ ಹಾಕಬಾರದು. ಅಷ್ಟು ಒತ್ತಡದ ಗಾಳಿಯಲ್ಲಿ ಎಣ್ಣೆ ಹೊತ್ತಿಕೊಂಡು ಸಿಡಿಯಬಲ್ಲದು. ಸಿಲಿಂಡರಿನ ಮೇಲಿನ ಪರೀಕ್ಷಾ ದಿನಾಂಕ ದಾಟಿದ್ದರೆ ತುಂಬಿಸಬಾರದು.

ವಾಲ್ವ್ ಮತ್ತು ಸ್ಪ್ರಿಂಗ್

ವಾಲ್ವ್ ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದು ಎರಡು ಸ್ಪ್ರಿಂಗ್‌ಗಳ ಜಗ್ಗಾಟದಿಂದ ತೀರ್ಮಾನವಾಗುತ್ತದೆ. ಹ್ಯಾಮರಿನ ಹಿಂದಿರುವ ಮುಖ್ಯ ಸ್ಪ್ರಿಂಗ್ ತೆರೆಯಲು ದೂಡುತ್ತದೆ. ವಾಲ್ವಿನೊಳಗಿನ ಚಿಕ್ಕ ಸ್ಪ್ರಿಂಗ್, ಅನಿಲದ ಒತ್ತಡವನ್ನೂ ಜೊತೆಗೂಡಿಸಿಕೊಂಡು, ಮುಚ್ಚಲು ದೂಡುತ್ತದೆ. ಒತ್ತಡ ಹೆಚ್ಚಿದಷ್ಟೂ ವಾಲ್ವ್ ತೆರೆಯುವುದು ಕಷ್ಟ. ಆದ್ದರಿಂದ ರೆಗ್ಯುಲೇಟರ್ ಏರಿಸಿದರೆ ಗುಂಡಿನ ವೇಗ ಒಂದು ಹಂತದವರೆಗೆ ಏರಿ, ಆಮೇಲೆ ಇಳಿಯಲು ಶುರುವಾಗುತ್ತದೆ. ಏರಿಕೆ ನಿಲ್ಲುವ ಆ ತಾಣದ ಆಸುಪಾಸಿನಲ್ಲಿ ಮಾರ್ಕರ್ ಅತ್ಯಂತ ಸಮನಾಗಿ ಹಾರಿಸುತ್ತದೆ, ಅನಿಲವೂ ಉಳಿಯುತ್ತದೆ. ಹೊಂದಿಸಬಲ್ಲ ರೆಗ್ಯುಲೇಟರ್ ಇದ್ದವರು ಕ್ರೋನೋಗ್ರಾಫ್ ಮುಂದೆ ನಿಂತು ಒತ್ತಡವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ, ಪ್ರತಿ ಹಂತದಲ್ಲಿ ನಾಲ್ಕಾರು ಗುಂಡಿನ ವೇಗ ಬರೆದುಕೊಂಡು ಈ ತಾಣ ಹುಡುಕಬೇಕು. ಅಲ್ಲಿ ವೇಗ ಮಿತಿಗಿಂತ ಹೆಚ್ಚಾಗಿದ್ದರೆ ಮುಖ್ಯ ಸ್ಪ್ರಿಂಗ್ ಸಡಿಲಿಸಿ ಇಳಿಸಬೇಕೇ ಹೊರತು, ಒತ್ತಡವನ್ನು ಮನಬಂದಂತೆ ಕೆಡಿಸಬಾರದು.

ಸ್ಪೈಡರ್ ಜಾತಿಯಲ್ಲಿ ಹಿಂಬದಿಯ ಸ್ಕ್ರೂ ಮುಖ್ಯ ಸ್ಪ್ರಿಂಗನ್ನು ಒತ್ತುತ್ತದೆ. ಟಿಪ್‌ಮನ್ 98ರಲ್ಲಿ ಮಗ್ಗುಲಿನ ಸ್ಕ್ರೂ ಅನಿಲದ ದಾರಿಯನ್ನೇ ಕಿರಿದು ಮಾಡುತ್ತದೆ. ಮೇಲ್ನೋಟಕ್ಕೆ ಎರಡೂ ವೇಗ ಬದಲಿಸುವ ಸ್ಕ್ರೂಗಳೇ, ಆದರೆ ಪರಿಣಾಮ ಬೇರೆ: ಮೊದಲನೆಯದು ಹ್ಯಾಮರ್ ಹಿಂದಕ್ಕೆ ಬರುವ ಪ್ರಯಾಸವನ್ನೂ ಬದಲಿಸುತ್ತದೆ, ಎರಡನೆಯದು ಗುಂಡಿಗೆ ಹೋಗುವ ಪಾಲನ್ನು ಮಾತ್ರ. ಬಿಗಿಯಾದ ಮುಖ್ಯ ಸ್ಪ್ರಿಂಗ್ ಹ್ಯಾಮರನ್ನು ಬೇಗ ಮುಂದೆ ದೂಡುತ್ತದೆ ನಿಜ. ಆದರೆ ಅದನ್ನು ಹಿಂದಕ್ಕೆ ಒತ್ತಲು ಹೆಚ್ಚು ಅನಿಲ ಬೇಕು, ಚಳಿಯಲ್ಲಿ ಅದೇ ಮೊದಲು ಕೈಕೊಡುತ್ತದೆ. ಹಗುರವಾದ ಹ್ಯಾಮರ್ ಹಾಕಿದರೆ ಓಡಾಟ ಚುರುಕಾಗುತ್ತದೆ, ಆದರೆ ವಾಲ್ವ್ ತೆರೆಯುವ ಪೆಟ್ಟು ಕುಗ್ಗುತ್ತದೆ. ಹೀಗೆ ಒಂದನ್ನು ಬದಲಿಸಿದರೆ ಇನ್ನೊಂದನ್ನು ಸರಿದೂಗಿಸಲೇಬೇಕು. ಸ್ಪ್ರಿಂಗ್ ಕತ್ತರಿಸಿ ಗಿಡ್ಡ ಮಾಡುವುದು ಮಾತ್ರ ಯಾರೂ ಮಾಡಬಾರದ ಕೆಲಸ. ಬಿಗಿ ಕಡಿಮೆಯಾದೀತೆಂದು ಕತ್ತರಿಸಿದ ಸ್ಪ್ರಿಂಗ್ ಪ್ರತಿ ಮಿಲಿಮೀಟರಿಗೆ ಮೊದಲಿಗಿಂತ ಗಡುಸಾಗುತ್ತದೆ. ಕತ್ತರಿಸಿದ ತುದಿ ಕೊಳವೆಯ ಒಳಗೋಡೆಗೆ ಗೀರು ಹಾಕುತ್ತದೆ. ಬೇರೆ ಬೇರೆ ಬಿಗಿಯ ಸ್ಪ್ರಿಂಗ್‌ಗಳ ಸೆಟ್ ಅಗ್ಗವಾಗಿಯೇ ಸಿಗುತ್ತದೆ.

ಹೊಸ ಭಾಗ ಕೊಳ್ಳುವ ಮೊದಲು ಮಾಡಬೇಕಾದ ಕೆಲಸ ಘರ್ಷಣೆ ತಗ್ಗಿಸುವುದು. ಹ್ಯಾಮರ್ ಓಡಾಡುವ ಕೊಳವೆಯಲ್ಲಿ ಕಪ್ಪು ಜಿಡ್ಡು, ಒಣಗಿದ ಬಣ್ಣ, ಸಿಯರ್ ತಾಗಿ ಎದ್ದ ಲೋಹದ ಸಣ್ಣ ಏಣು ಇರುತ್ತವೆ. ಬಟ್ಟೆ ಸುತ್ತಿದ ಕಡ್ಡಿಯಿಂದ ಒರೆಸಿ, ಏಣು ಇರುವಲ್ಲಿ ಮಾತ್ರ 2000 ನಂಬರಿನ ಉಪ್ಪುಕಾಗದದಿಂದ ಲಘುವಾಗಿ ಉಜ್ಜಿ, ಪುಡಿ ತೊಳೆಯಬೇಕು. ಹ್ಯಾಮರನ್ನು ಒಣದಾಗಿ ಕೊಳವೆಗೆ ಹಾಕಿ ಮಾರ್ಕರ್ ವಾಲಿಸಿದರೆ ಅದು ತನ್ನ ಭಾರಕ್ಕೇ ಎಲ್ಲೂ ತಡೆಯದೆ ಜಾರಬೇಕು. ಆಮೇಲೆ ಓ-ರಿಂಗ್ ಎಂಬ ರಬ್ಬರ್ ಬಳೆಗೆ ಏರ್‌ಗನ್ನಿಗೆಂದೇ ಇರುವ ಎಣ್ಣೆ ಒಂದೆರಡು ತೊಟ್ಟು ಸಾಕು. ಮನೆಯಲ್ಲಿರುವ ತುಕ್ಕು ಬಿಡಿಸುವ ಸ್ಪ್ರೇ ಬೇಡ, ಅದು ಸೀಲ್‌ಗಳನ್ನು ಹಾಳುಮಾಡುತ್ತದೆ. ಹ್ಯಾಮರಿನ ಓ-ರಿಂಗ್ ತೀರಾ ಬಿಗಿಯಾದರೆ ಓಟ ನಿಧಾನ, ಸವೆದರೆ ಹಿಂದಕ್ಕೆ ತಳ್ಳಬೇಕಾದ ಅನಿಲ ಪಕ್ಕದಿಂದ ಸೋರಿಹೋಗುತ್ತದೆ. ನಾಲ್ಕಾರು ಸೆಂಟ್‌ನ ಒಂದು ಓ-ರಿಂಗ್ ಬದಲಿಸಿದ್ದಕ್ಕೇ ಸತ್ತಂತಿದ್ದ ಮಾರ್ಕರ್ ಜೀವ ತಳೆಯುವುದುಂಟು.

ವಾಲ್ವಿನ ಒಳಗನ್ನು ನುಣುಪುಗೊಳಿಸಿ ಅನಿಲದ ದಾರಿ ಸುಗಮ ಮಾಡುವವರಿದ್ದಾರೆ. ದಾರಿಯ ಚೂಪು ಅಂಚುಗಳನ್ನು ಸವರುವುದರಿಂದ ತುಸು ಲಾಭ ಇದೆ. ಆದರೆ ಕಪ್ ಸೀಲ್ ಕೂರುವ ಪೀಠವನ್ನು ಉಗುರಿನಿಂದಲೂ ಮುಟ್ಟಬಾರದು. ಅಲ್ಲಿ ಕೂದಲೆಳೆಯಷ್ಟು ಗೀರು ಬಿದ್ದರೂ ನಳಿಗೆಯಿಂದ ಅನಿಲ ಬುಸುಗುಡುತ್ತಲೇ ಇರುತ್ತದೆ, ವಾಲ್ವೇ ಬದಲಿಸಬೇಕಾಗುತ್ತದೆ.

ಟ್ರಿಗರ್

ಟ್ರಿಗರ್‌ನ ಚಲನೆಯಲ್ಲಿ ಮೂರು ಘಟ್ಟಗಳಿವೆ: ಸಿಯರ್ ತಾಕುವವರೆಗಿನ ವ್ಯರ್ಥ ಓಟ, ಸಿಯರ್ ಬಿಡುವ ಬಿಂದು, ಬಿಟ್ಟ ಮೇಲೂ ಹಿಂದಕ್ಕೆ ಹೋಗುವ ಹೆಚ್ಚುವರಿ ಓಟ. ಮೊದಲನೆಯದನ್ನೂ ಕೊನೆಯದನ್ನೂ ಕಡಿಮೆ ಮಾಡಿದರೆ ಬೆರಳು ಸಾಗುವ ದೂರ ಕುಗ್ಗುತ್ತದೆ. ಹೊಂದಿಕೆಯ ಸ್ಕ್ರೂ ಇರುವ ಟ್ರಿಗರ್‌ಗಳಲ್ಲಿ ಸಣ್ಣ ಅಲೆನ್ ಕೀ ಸಾಕು. ಮೊದಲು ಹಿಂದಿನ ತಡೆ: ಸ್ಕ್ರೂವನ್ನು ಹ್ಯಾಮರ್ ಬಿಡದೇ ಇರುವವರೆಗೆ ಒಳಗೆ ತಿರುಗಿಸಿ, ಅಲ್ಲಿಂದ ಪ್ರತಿಸಲವೂ ತಪ್ಪದೆ ಬಿಡುವವರೆಗೆ ಹೊರಗೆ ತಂದು, ಇನ್ನೂ ಕಾಲು ಸುತ್ತು ಸಡಿಲ ಬಿಡಬೇಕು. ಆಮೇಲೆ ಮುಂದಿನ ವ್ಯರ್ಥ ಓಟ: ಸಿಯರ್ ಪೂರ್ತಿ ಹಿಂತಿರುಗಿ ಹ್ಯಾಮರನ್ನು ಹಿಡಿಯಲು ಜಾಗ ಉಳಿಯುವಷ್ಟನ್ನೇ ಕಡಿಮೆ ಮಾಡಬೇಕು. ಇಲ್ಲಿ ದುರಾಸೆ ಅಪಾಯಕರ. ಸಿಯರ್ ಅಂಚಿನಲ್ಲಷ್ಟೇ ಹಿಡಿದಿದ್ದರೆ ಮಾರ್ಕರ್ ನೆಲಕ್ಕೆ ತಾಗಿದರೂ ಗುಂಡು ಹಾರುತ್ತದೆ. ಸ್ಕ್ರೂ ಅಲುಗದಂತೆ ಕಡಿಮೆ ಬಲದ ಥ್ರೆಡ್ ಅಂಟು ಒಂದು ಹನಿ ಹಾಕಬೇಕು.

ಸಿಯರ್ ಮತ್ತು ಹ್ಯಾಮರ್ ಒಂದನ್ನೊಂದು ಹಿಡಿಯುವ ಅಂಚು ಈ ಇಡೀ ಯಂತ್ರದ ಬೀಗ. ಬೆಳಕಿಗೆ ಹಿಡಿದು ನೋಡಿದರೆ ಒಳ್ಳೆಯ ಸಿಯರ್‌ನ ಅಂಚು ನೇರ ಗೆರೆಯಂತೆ ಕಾಣುತ್ತದೆ. ಸವೆದದ್ದರ ಮೂಲೆ ದುಂಡಗಾಗಿ ಅಲ್ಲಿ ಹೊಳಪಿನ ಪಟ್ಟಿ ಮೂಡಿರುತ್ತದೆ. ಸಿಯರ್‌ನ ಮಗ್ಗುಲುಗಳನ್ನು, ಅದು ತಿರುಗುವ ಪಿನ್ನನ್ನು, ಟ್ರಿಗರ್ ತಾಗುವ ಬೆನ್ನನ್ನು ಕನ್ನಡಿಯಂತೆ ಪಾಲಿಷ್ ಮಾಡಬಹುದು, ಮಾಡಬೇಕು ಕೂಡ. ಎಳೆತ ಹಗುರವಾಗುವುದು ಅದರಿಂದಲೇ. ಹಿಡಿಯುವ ಅಂಚಿನ ಕೋನವನ್ನು ಮಾತ್ರ ಬದಲಿಸಬಾರದು. ದುಂಡಗಾದ ಸಿಯರ್ ಎಳೆದಾಗ ಬೆಣ್ಣೆಯಂತೆ ಮೃದುವಾಗಿಯೇ ಇರುತ್ತದೆ, ಹೊಸಬರು ಮೋಸ ಹೋಗುವುದು ಅಲ್ಲೇ. ಅದು ಒಂದು ದಿನ ಹ್ಯಾಮರನ್ನು ಹಿಡಿಯದೆ, ಟ್ರಿಗರ್ ಬಿಟ್ಟ ಮೇಲೂ ಲೋಡರ್ ಖಾಲಿಯಾಗುವವರೆಗೆ ಹಾರಿಸುತ್ತಾ ಹೋಗುತ್ತದೆ. ಅಂಚು ಸವೆದಿದ್ದರೆ ಹೊಸ ಸಿಯರ್ ಹಾಕುವುದೊಂದೇ ದಾರಿ.

ಟ್ರಿಗರ್ ಮುಂದಕ್ಕೆ ಮರಳಿಸುವ ಸ್ಪ್ರಿಂಗನ್ನು ಹಗುರ ಮಾಡಿದರೆ ಎಳೆಯುವುದು ಸಲೀಸು, ಮರಳುವುದು ನಿಧಾನ. ಬೇಗ ಹಾರಿಸುವವರಿಗೆ ಮರಳುವ ವೇಗವೇ ಮುಖ್ಯ. ಎರಡು ಬೆರಳುಗಳನ್ನು ಸರದಿಯಂತೆ ಆಡಿಸುವವರಿಗೆ ಸ್ವಲ್ಪ ಬಿಗಿ ಸ್ಪ್ರಿಂಗ್, ಕಡಿಮೆ ದೂರ, ಎರಡು ಬೆರಳಿಗೆ ಜಾಗವಿರುವ ಉದ್ದ ಟ್ರಿಗರ್ ಹೊಂದುತ್ತದೆ. ಟಿಪ್‌ಮನ್ ಕಂಪನಿಯ ರೆಸ್ಪಾನ್ಸ್ ಟ್ರಿಗರ್ ಎಂಬ ಜೋಡಣೆ ಮಿಕ್ಕುಳಿದ ಅನಿಲವನ್ನೇ ಪುಟ್ಟ ಸಿಲಿಂಡರಿಗೆ ಹರಿಸಿ ಟ್ರಿಗರನ್ನು ಬೆರಳಿನ ವಿರುದ್ಧ ಮುಂದೂಡುತ್ತದೆ. ಬೆರಳಿನ ಒತ್ತಡ ಸರಿಯಾಗಿ ಕೂತರೆ ಮಾರ್ಕರ್ ಹೆಚ್ಚುಕಡಿಮೆ ತಾನೇ ಹಾರಿಸುತ್ತಾ ಹೋಗುತ್ತದೆ. ಈ ಕಾರಣಕ್ಕೇ ಹಲವು ಮೈದಾನಗಳು ಇದನ್ನು ಒಪ್ಪುವುದಿಲ್ಲ. ಒಂದು ಎಳೆತಕ್ಕೆ ಒಂದೇ ಗುಂಡು ಎಂಬ ನಿಯಮ ಇರುವಲ್ಲಿ ಇದನ್ನು ಜೋಡಿಸುವುದು ಎದುರಾಳಿಗೆ ಮಾಡುವ ಅನ್ಯಾಯ.

ಆಟೊಕಾಕರ್‌ನ ಕಾಲಮೇಳ

ಆಟೊಕಾಕರ್‌ನಲ್ಲಿ ಕೆಲಸದ ಸರದಿ ತಪ್ಪಿದರೆ ಬೇರೇನೂ ಸರಿಹೋಗುವುದಿಲ್ಲ. ಮೊದಲು ಹ್ಯಾಮರ್ ಬಿಡಬೇಕು, ಗುಂಡು ಹೊರಡಬೇಕು, ಆಮೇಲೆ ಹಿಂದಿನ ಬ್ಲಾಕ್ ಸರಿಯಬೇಕು. ಸರದಿ ನೋಡಲು ಟ್ರಿಗರನ್ನು ಅತಿ ನಿಧಾನವಾಗಿ ಎಳೆಯಬೇಕು: ಮೊದಲು ಗುಂಡಿನ ಸದ್ದು, ತುಸು ಅಂತರ, ನಂತರ ಬ್ಲಾಕ್ ಹಿಂದೆ ಬರುವ ಟಕ್ ಸದ್ದು. ಸದ್ದುಗಳು ಅದಲುಬದಲಾದರೆ ಬೋಲ್ಟ್ ತೆರೆದಿರುವಾಗಲೇ ವಾಲ್ವ್ ಬಿಟ್ಟಿತೆಂದು ಅರ್ಥ. ಅನಿಲ ಮೇಲಿನ ಗುಂಡುಗಳ ಕಡೆಗೆ ನುಗ್ಗಿ ಲೋಡರ್‌ನಲ್ಲೇ ಬಣ್ಣ ಚೆಲ್ಲುತ್ತದೆ.

ಹ್ಯಾಮರ್ ಯಾವಾಗ ಬಿಡಬೇಕು ಎಂಬುದನ್ನು ಅದರ ಕೆಳಗಿರುವ ಲಗ್ ಎಂಬ ಸ್ಕ್ರೂವಿನ ಎತ್ತರ ತೀರ್ಮಾನಿಸುತ್ತದೆ. ಲಗ್ ಗಿಡ್ಡವಾದಷ್ಟೂ ಹ್ಯಾಮರ್ ಬೇಗ ಬಿಡುತ್ತದೆ. ತೀರಾ ಗಿಡ್ಡವಾದರೆ ಸಿಯರ್‌ಗೆ ಸಿಕ್ಕುವುದೇ ಇಲ್ಲ. ತ್ರೀ-ವೇ ಯಾವಾಗ ತಿರುಗಬೇಕು ಎಂಬುದು ಟ್ರಿಗರ್‌ನಿಂದ ಅದಕ್ಕೆ ಹೋಗುವ ಕಂಬಿಯ ಉದ್ದದಿಂದ. ಲಗ್ ಮೊದಲು, ಕಂಬಿ ಆಮೇಲೆ ಎಂಬ ಕ್ರಮ ಬಿಡಬಾರದು. ವೇಗಕ್ಕಾಗಿ ಎರಡು ಬಿಂದುಗಳನ್ನೂ ಹತ್ತಿರ ತರಬಹುದು, ಆದರೆ ಒಂದರ ಮೇಲೊಂದು ಬೀಳಬಾರದು.

ರ‍್ಯಾಮ್‌ಗೆ ಗಾಳಿ ಕೊಡುವ ಕಡಿಮೆ ಒತ್ತಡದ ರೆಗ್ಯುಲೇಟರನ್ನು ಪೂರ್ತಿ ಇಳಿಸಿ, ಬ್ಲಾಕ್ ಪ್ರತಿಸಲವೂ ಹ್ಯಾಮರನ್ನು ಸಿಯರ್‌ಗೆ ಸಿಕ್ಕಿಸುವವರೆಗೆ ಮಾತ್ರ ಏರಿಸಿ, ಮೇಲೆ ಒಂದಿಷ್ಟು ಸೇರಿಸಿದರೆ ಸಾಕು. ಒತ್ತಡ ಹೆಚ್ಚಿದಷ್ಟು ಬ್ಲಾಕ್ ಬಿರುಸಾಗಿ ಬಡಿಯುತ್ತದೆ. ನೋಡಲು ಚುರುಕು, ಆದರೆ ಅರ್ಧ ಇಳಿದ ಗುಂಡನ್ನು ಬೋಲ್ಟ್ ಕನಿಕರವಿಲ್ಲದೆ ಕತ್ತರಿಸುತ್ತದೆ. ಆಟಗಾರ ಟ್ರಿಗರನ್ನು ಪೂರ್ತಿ ಎಳೆಯದೆ ಬಿಟ್ಟರೂ ಇದೇ ಗತಿ. ಆಟೊಕಾಕರ್ ವೇಗವಾಗಿ ಹಾರಿಸಲು ಬೆರಳಿಗೂ ಅಭ್ಯಾಸ ಬೇಕು.

ಪರೀಕ್ಷೆ

ಹದಗೊಳಿಸಿದ ಮಾರ್ಕರನ್ನು ಆಟಕ್ಕೆ ಒಯ್ಯುವ ಮೊದಲು ಗುಂಡಿಲ್ಲದೆ, ಅನಿಲ ಜೋಡಿಸಿ, ಸಜ್ಜುಗೊಳಿಸಿ ಹಿಡಿಕೆಯನ್ನೂ ಮಗ್ಗುಲನ್ನೂ ಅಂಗೈಯಿಂದ ತಟ್ಟಿ ನೋಡಬೇಕು. ಹ್ಯಾಮರ್ ಬಿಟ್ಟರೆ ಟ್ರಿಗರ್ ಹೊಂದಿಕೆಯನ್ನು ಮತ್ತೆ ಸಡಿಲಿಸಬೇಕು. ಸೇಫ್ಟಿ ಹಾಕಿ ಗಟ್ಟಿಯಾಗಿ ಎಳೆದರೂ ಏನೂ ಆಗಬಾರದು. ಬೇರೆ ಟ್ರಿಗರ್ ಹಾಕಿದಾಗ ಸೇಫ್ಟಿ ಕೆಲಸ ಮಾಡದಿರುವುದು ಸಾಮಾನ್ಯ. ನಂತರ ಗುಂಡು ತುಂಬಿ, ಮೊದಲು ಒಂದೊಂದಾಗಿ, ಆಮೇಲೆ ಬೇಗ ಬೇಗ ಹಾರಿಸಿ ಕ್ರೋನೋಗ್ರಾಫ್ ಓದಬೇಕು. ಬೇಗ ಹಾರಿಸಿದಾಗ ವೇಗ ಹಂತಹಂತವಾಗಿ ಕುಸಿದರೆ ಗಾಳಿ ಸಾಕಷ್ಟು ಬೇಗ ತುಂಬಿಕೊಳ್ಳುತ್ತಿಲ್ಲ; ರೆಗ್ಯುಲೇಟರ್ ಅಥವಾ ಅನಿಲದ ದಾರಿ ನೋಡಬೇಕು. ಒಂದಿಷ್ಟು ಹೊತ್ತು ಬಿಟ್ಟು ಹಾರಿಸಿದ ಮೊದಲ ಗುಂಡು ಮಾತ್ರ ನಿಧಾನವಾದರೆ ಓ-ರಿಂಗ್ ಎಲ್ಲೋ ಅಂಟಿಕೊಳ್ಳುತ್ತಿದೆ. ಮೊದಲ ಗುಂಡು ಮಾತ್ರ ಹೆಚ್ಚು ವೇಗವಾಗಿ ಹೋದರೆ ರೆಗ್ಯುಲೇಟರ್ ಸೀಲ್ ಸೋರಿ ಒತ್ತಡ ಏರುತ್ತಿದೆ. ಈ ಕೊನೆಯದು ಅಪಾಯದ ಲಕ್ಷಣ: ಕ್ರೋನೋಗ್ರಾಫ್ ಮುಂದೆ ಒಂದರ ಹಿಂದೊಂದು ಹಾರಿಸುವಾಗ 280 ತೋರಿದ ಮಾರ್ಕರ್ ಆಟದಲ್ಲಿ ಹೊಂಚಿ ಕೂತು ಹಾರಿಸಿದ ಮೊದಲ ಗುಂಡನ್ನು 300 ದಾಟಿಸಬಲ್ಲದು.

ಪರೀಕ್ಷೆಯ ವೇಗವನ್ನು ಅಂದಿನ ಹವೆಯ ಉಷ್ಣತೆಯ ಜೊತೆ ಬರೆದಿಡುವುದು ಒಳ್ಳೆಯ ರೂಢಿ. ಕಾರ್ಬನ್ ಡೈಆಕ್ಸೈಡ್ ಬಳಸುವ ಮಾರ್ಕರನ್ನು ಡಬ್ಲಿನ್ನಿನ ಬೆಳಗಿನ ಚಳಿಯಲ್ಲಿ 280ಕ್ಕೆ ಹೊಂದಿಸಿದ್ದರೆ ಬಿಸಿಲೇರಿದ ಮಧ್ಯಾಹ್ನ ಅದನ್ನು ಮತ್ತೆ ಅಳೆಯದೆ ಮೈದಾನಕ್ಕೆ ಇಳಿಸಬಾರದು. ಅಳತೆ ಮುಗಿದ ಕೂಡಲೇ ನಳಿಗೆಯ ಬಾಯಿಗೆ ಬಟ್ಟೆಯ ಕವಚ ಹಾಕಬೇಕು. ಸುತ್ತಲಿನ ಎಲ್ಲ ಮಾರ್ಕರ್‌ಗಳಿಗೂ ಕವಚ ಬಿದ್ದ ಮೇಲೆಯೇ ಮುಖವಾಡ ತೆಗೆಯಬೇಕು.